ಇಬ್ಬರೇ ಕೂರುವ ಕಾರು

ಮದುವೆಯಾಗಿ ನಾಲ್ಕು ವರ್ಷವಾದರೂ ನಾನು ನನ್ನ ಹೆಂಡತಿಯ ಪಕ್ಕದಲ್ಲಿ ಕೂತದ್ದು ಒಂದೇ ಒಂದು ಸಲ, ಅದು ಹಸೆಮಣೆಯ ಮೇಲೆ. ಆಗಲೂ ಬಾಸಿಂಗ ಕಣ್ಣಿಗೆ ಅಡ್ಡ ಬಂದು ಅವಳು ಸರಿಯಾಗಿ ಕಾಣಿಸಲಿಲ್ಲ.

ಅಲ್ಲಿಂದೀಚೆಗೆ ಹುಣಸೂರಿನ ಪೇಟೆಬೀದಿಯಲ್ಲಿ ನಡೆದರೆ ನಾನು ಮುಂದೆ, ಅವಳು ಹತ್ತು ಮಾರು ಹಿಂದೆ. ಬಸ್ಸು ಹತ್ತಿದರೆ ಅವಳು ಹೆಂಗಸರ ಸೀಟಿನಲ್ಲಿ, ನಾನು ಯಾರದೋ ಕೋಳಿಬುಟ್ಟಿಯ ಪಕ್ಕದಲ್ಲಿ. ನಾಟಕಕ್ಕೆ ಹೋದರೆ ನಡುವೆ ಪರದೆ. ಸ್ವಂತ ಕಮಾನುಗಾಡಿ ಕಟ್ಟಿದರೂ ನಾನು ಮೂಕಿಯ ಮೇಲೆ ಹಗ್ಗ ಹಿಡಿದು ಕೂರಬೇಕು, ಅವಳೂ ನನ್ನ ಅವ್ವನೂ ಗಾಡಿಯ ಹಿಂದುಗಡೆ ಕಾಲು ಇಳಿಬಿಟ್ಟುಕೊಂಡು ಕೂರಬೇಕು. ಇನ್ನು ಮನೆಯ ಮಾತು ಕೇಳಲೇಬೇಡಿ. ನಮ್ಮವ್ವ ಪುಟ್ಟಮಲ್ಲಮ್ಮನವರು ನಡುಮನೆಯ ಕಂಬಕ್ಕೆ ಒರಗಿ ಕೂತರೆಂದರೆ, ಒಂದೇ ಚಾಪೆಯ ಮೇಲೆ ಜೋಡಿಯಾಗಿ ಕೂರುವ ಧೈರ್ಯ ನಮ್ಮ ಮನೆಯ ಬೆಕ್ಕುಗಳಿಗೂ ಇರಲಿಲ್ಲ.

ನನ್ನ ಹೆಸರು ಕಂಠಪ್ಪ. ಹೊಗೆಸೊಪ್ಪಿನ ವ್ಯಾಪಾರ. ಊರಾಚೆ ಒಂದಿಷ್ಟು ಹೊಲ, ಹೊಲದಲ್ಲಿ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಒಂದು ಬ್ಯಾರನ್ ಮನೆ. ಗಾಡಿ ಹೊಡೆಯುವುದರಲ್ಲಿ ಪಿರಿಯಾಪಟ್ಟಣದವರೆಗೂ ನನ್ನನ್ನು ಮೀರಿಸಿದವರಿಲ್ಲ ಎಂದು ಜನ ಹೇಳುತ್ತಾರೆ (ಜನ ಮರೆತಾಗ ನಾನೇ ಹೇಳುತ್ತೇನೆ). ಇದರ ಜೊತೆಗೆ ನನಗೊಂದು ಕಾಯಿಲೆ ಉಂಟು. ನಾನು ಬಹಳ ಬೇಗ ಬೆರಗಾಗುತ್ತೇನೆ. ಲಕ್ಷ್ಮಣತೀರ್ಥದಲ್ಲಿ ಹೊಸ ನೀರು ಬಂದರೂ ನನ್ನ ಬಾಯಿ ತೆರೆದುಕೊಳ್ಳುತ್ತದೆ, ಟೈಲರ್ ಅಂಗಡಿಗೆ ಹೊಸ ಮಿಷನ್ನು ಬಂದರೂ ತೆರೆದುಕೊಳ್ಳುತ್ತದೆ.

ಐವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಬ್ಯಾರನ್ನಿಗೆ ಸೌದೆ ಗೊತ್ತುಮಾಡಲು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟಕ್ಕೆ ಹೋಗಿದ್ದೆ. ತೋಟದ ದೊರೆ ಗಂಟುಮೂಟೆ ಕಟ್ಟಿಕೊಂಡು ಸ್ವದೇಶಕ್ಕೆ ಹೊರಟಿದ್ದ. ಸೌದೆ ತೋರಿಸಲು ಬಂದ ತೋಟದ ರೈಟರು ಕೊಟ್ಟಿಗೆಯ ಬಾಗಿಲು ತೆಗೆದರು. ಸೌದೆಯ ಹಿಂದೆ, ಕೋಳಿಗಳ ಹಿಕ್ಕೆಯ ಅಡಿಯಲ್ಲಿ, ಅದು ಕೂತಿತ್ತು.

ನಾನು ಜನ್ಮದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಉದ್ದನೆಯ ಮೂತಿ, ದುಂಡನೆಯ ಬೆನ್ನು, ಸೊಂಟದಲ್ಲಿ ಹಿಡಿಯಷ್ಟು ಕೋಣೆ. ಎರಡೂ ದೀಪಗಳು ನನ್ನನ್ನೇ ನೋಡುತ್ತಿದ್ದವು. ಇಂಥ ಕಾರಿಗೆ ಕೂಪೆ ಅನ್ನುತ್ತಾರೆ ಎಂದು ರೈಟರು ಹೇಳಿದರು. ಬೆರಗಾಗಿ ನಿಂತ ನನಗೆ ಕಾರಿನ ಬಣ್ಣ ಕಾಣಲಿಲ್ಲ (ಇರಲೂ ಇಲ್ಲ), ತೂತುಗಳು ಕಾಣಲಿಲ್ಲ (ಬೇಕಾದಷ್ಟಿದ್ದವು). ಅವರು ಮುಂದೆ ಹೇಳಿದ ಒಂದು ಮಾತು ಮಾತ್ರ ಕಿವಿಯಲ್ಲಿ ಗಂಟೆಯಂತೆ ಬಾರಿಸಿತು. 'ಇದರಲ್ಲೊಂದು ತೊಂದರೆ ಸ್ವಾಮಿ. ಇಬ್ಬರೇ ಕೂರುವುದು. ಸಂಸಾರವಂದಿಗರಿಗೆ ಆಗುವುದಿಲ್ಲ.'

ಇಬ್ಬರೇ! ಓಡಿಸುವವನ ಪಕ್ಕದಲ್ಲಿ ಒಂದೇ ಸೀಟು. ಅವ್ವನನ್ನು ಕೂರಿಸಲು ಹಿಂದೆ ಜಾಗವಿಲ್ಲ, ಹೆಂಗಸರಿಗೆ ಬೇರೆ ಸೀಟಿಲ್ಲ, ಪರದೆ ಕಟ್ಟಲು ಕಂಬವಿಲ್ಲ. ಗೌರಿ ಹಬ್ಬಕ್ಕೆ ನನ್ನ ಹೆಂಡತಿ ಸರ್ವಮಂಗಳೆ ತವರಾದ ಭೇರ್ಯಕ್ಕೆ ಹೋಗಲೇಬೇಕು. ನಾನು ಕಾರಿನಲ್ಲಿ ಕರೆದುಕೊಂಡು ಹೋದರೆ ಅವಳು ನನ್ನ ಪಕ್ಕದಲ್ಲಿ ಕೂರಲೇಬೇಕು. ಹುಣಸೂರಿನಿಂದ ಭೇರ್ಯದವರೆಗೆ, ಹಾಡುಹಗಲಲ್ಲಿ, ಭುಜಕ್ಕೆ ಭುಜ ತಾಗಿಸಿ! ಯಾವ ಹಿರಿಯರೂ ತಪ್ಪು ಹುಡುಕುವ ಹಾಗಿಲ್ಲ. ಕಾರು ಮಾಡಿದವನೇ ಹಾಗೆ ಮಾಡಿದ್ದಾನೆ, ನಾನೇನು ಮಾಡಲಿ?

ಸೌದೆ ಮರೆತು ಕಾರು ಕೊಂಡೆ.

ಅದು ಊರಿಗೆ ಬಂದದ್ದು ನಮ್ಮ ಗಾಡಿಯಾಳು ಕುಳ್ಳಯ್ಯ ಹೊಡೆದ ಜೋಡೆತ್ತಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಪೇಟೆಬೀದಿಯ ಅಂಗಡಿಯವರೆಲ್ಲ ತಕ್ಕಡಿ ಬಿಟ್ಟು ಹೊರಗೆ ಬಂದರು. ನಾನು ಒಳಗೆ ಕೂತು, ಎತ್ತುಗಳು ಎಳೆದ ಕಡೆಗೆ ಗಂಭೀರವಾಗಿ ಸ್ಟೇರಿಂಗು ತಿರುಗಿಸುತ್ತಿದ್ದೆ. ಮನೆಯ ಮುಂದೆ ಬಂದಾಗ ಅವ್ವ ಜಗಲಿಗೆ ಬಂದರು, ಸೊಂಟದ ಮೇಲೆ ಕೈಯಿಟ್ಟರು.

'ಎತ್ತು ಎಳೆಯೋ ಗಾಡಿ ಮನೇಲೇ ಇತ್ತಲ್ಲ ಕಣ್ಲಾ ಕಂಠ. ಇನ್ನೊಂದ್ಯಾಕೆ ತಂದೆ?'

ಸರ್ವಮಂಗಳೆ ಮಾತ್ರ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಕೂಪೆ ಎಂದು ಹೆಸರು ಹೇಳಿದೆ. ಕೂಪ ಅಂದರೆ ಬಾವಿಯಲ್ಲವೇ, ಮನೆಮಂದಿಯೆಲ್ಲ ಬೀಳಬೇಕೋ ಅಥವಾ ನೀವೊಬ್ಬರೇ ಬೀಳುತ್ತೀರೋ ಎಂದು ಕೇಳಿದಳು (ಅವಳು ಲೋವರ್ ಸೆಕೆಂಡರಿ ಪಾಸಾದವಳು). ಆಮೇಲೆ ದನಿ ತಗ್ಗಿಸಿ, ಇದರಲ್ಲಿ ಎಷ್ಟು ಜನ ಕೂರಬಹುದು ಎಂದಳು. ಇಬ್ಬರೇ ಎಂದೆ. ಅವಳು ನೆಲ ನೋಡಿದಳು. ಕಿವಿ ಕೆಂಪಾಯಿತು. ದುಡ್ಡು ದಕ್ಕಿತು ಎಂದುಕೊಂಡೆ.

ಗಾಡಿಯ ಚಪ್ಪರದಲ್ಲಿ ಜೀರ್ಣೋದ್ಧಾರ ಆರಂಭವಾಯಿತು. ಇಂಜಿನ್ನಿಗೆ ಮಾತ್ರ ಮೈಸೂರಿನಿಂದ ಒಬ್ಬ ಮೇಸ್ತ್ರಿ ಬಂದು ಹೋಗುತ್ತಿದ್ದ. ಉಳಿದ ಕೆಲಸವೆಲ್ಲ ನಮ್ಮದೇ. ಕೋಳಿ ಗೂಡುಕಟ್ಟಿದ್ದ ಸೀಟನ್ನು ಸರ್ವಮಂಗಳೆ ಬಿಚ್ಚಿ, ಬೂರುಗದ ಹತ್ತಿ ತುಂಬಿ, ಹಳೆಯ ಜಮಖಾನದಿಂದ ಹೊಲಿದಳು. ದೀಪದ ಸುತ್ತಿನ ಹಿತ್ತಾಳೆ ಬಳೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ದೇವರ ದೀಪಗಳ ಹಾಗೆ ಮಾಡಿದಳು. ನಾನು ಹತ್ತಿರ ನಿಂತು ಬೆರಗಾಗುವ ಕೆಲಸವನ್ನು ಬಿಡುವಿಲ್ಲದೆ ಮಾಡಿದೆ.

ಒಂದು ದಿನ ಕಾರಿನ ಬೆನ್ನಮೇಲಿನ ತುಕ್ಕು ಕೆರೆಯುತ್ತಿದ್ದಾಗ ಮುಚ್ಚಳದಂಥದ್ದೊಂದು ಕಿರ್ರೆಂದು ತೆರೆದುಕೊಂಡಿತು. ಸಾಮಾನಿನ ಪೆಟ್ಟಿಗೆ ಇರಬೇಕು ಎಂದು ಬಗ್ಗಿ ನೋಡಿದರೆ, ಅಯ್ಯೋ, ಅದರೊಳಗೆ ಇನ್ನೊಂದು ಸೀಟು! ಮೇಲೆ ಚಾವಣಿಯಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ, ಆದರೂ ಸೀಟು ಸೀಟೇ. ಇದು ಅವ್ವನಿಗೆ ಗೊತ್ತಾದರೆ ಅವರು ಮುಂದೆ ಬಂದು ಕೂರುತ್ತಾರೆ, ಹೆಂಡತಿ ಈ ಹಿಂದಿನ ಗೂಡಿಗೆ ಹೋಗುತ್ತಾಳೆ, ನನ್ನ ಕತೆ ಮತ್ತೆ ಕಮಾನುಗಾಡಿಯ ಕತೆಯೇ ಆಗುತ್ತದೆ. ಬೇಗ ಮುಚ್ಚಿದೆ. ಹುಣಸೆಹಣ್ಣಿನ ಕೈಯಲ್ಲಿ ನಿಂತಿದ್ದ ಸರ್ವಮಂಗಳೆ ಎಲ್ಲವನ್ನೂ ನೋಡಿಬಿಟ್ಟಿದ್ದಳು. ಯಾರಿಗೂ ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ತುಟಿ ಬಿಗಿದು ತಲೆಯಾಡಿಸಿದಳು.

ಬಣ್ಣದ ವಿಷಯದಲ್ಲಿ ನನಗೊಂದು ದಿವ್ಯವಾದ ಆಲೋಚನೆ ಹೊಳೆಯಿತು. ಮಳೆಗಾಲ, ಹಾಲಿನ ಬಣ್ಣ ಬಳಿದು ಎಷ್ಟು ದಿನವಾದರೂ ಒಣಗುತ್ತಿಲ್ಲ. ಹೊಲದಲ್ಲಿ ಬ್ಯಾರನ್ ಮನೆ ಧಗಧಗ ಕಾಯುತ್ತಿದೆ. ಹೊಗೆಸೊಪ್ಪು ಒಣಗಿಸುವ ಕಾವು ಕಾರು ಒಣಗಿಸುವುದಿಲ್ಲವೇ? ಬಾಗಿಲು, ಬಾನೆಟ್ಟು, ಮಡ್ಗಾರ್ಡುಗಳನ್ನು ಬಿಚ್ಚಿ, ಸೊಪ್ಪಿನ ಕಡ್ಡಿಗಳ ಕೆಳಗೆ ಸಾಲಾಗಿ ನೇತುಹಾಕಿಸಿದೆ. ಬ್ಯಾರನ್ನಿನ ಬಾಗಿಲು ತೆಗೆದ ದಿನ ನಾವೆಲ್ಲ ಒಳಗೆ ಇಣುಕಿದೆವು. ಸೊಪ್ಪು ಹದವಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಕಾರಿನ ಬಾಗಿಲುಗಳೂ ಹದವಾಗಿ ಹೊಂಬಣ್ಣಕ್ಕೆ ತಿರುಗಿದ್ದವು.

ತಂದು ಜೋಡಿಸಿದಾಗ ಒಡಲು ಹಾಲಿನ ಬಣ್ಣ, ಬಾಗಿಲು ಮಡ್ಗಾರ್ಡು ಜೇನಿನ ಬಣ್ಣ. ಒಳಗೆ ಕೂತವರಿಗೆ ಸೀನು ಬರುವಷ್ಟು ಹೊಗೆಸೊಪ್ಪಿನ ಘಾಟು. ಊರಿನವರು ಇದು ಇಂಗ್ಲೆಂಡಿನ ಹೊಸ ಫ್ಯಾಷನ್ ಎಂದು ಬೆರಗಾದರು. ನಾನು ಇಲ್ಲವೆನ್ನಲಿಲ್ಲ. ಆ ಸಲದ ಸೊಪ್ಪಿಗೆ ಬಣ್ಣದ ವಾಸನೆ ಹತ್ತಿದೆಯೆಂದು ಅವ್ವ ಮೂಗು ಮುರಿದರು. 'ಕಾರು ಸೇದ್ಬೌದು, ಸೊಪ್ಪು ಓಡಿಸ್ಬೌದು, ಅಂಗೆ ಮಾಡಿಟ್ಟವ್ನೆ ನನ್ ಮಗ' ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಇಂಜಿನ್ನು ರಿಪೇರಿಯಾಯಿತು, ಆದರೆ ತಳ್ಳದೆ ಹೊರಡುವುದಿಲ್ಲ ಎಂದು ಅದು ಹಟ ಹಿಡಿದಿತ್ತು. ತಳ್ಳುವುದು ಗಂಡಸರ ಕೆಲಸ. ಆದ್ದರಿಂದ ನಾನೂ ಕುಳ್ಳಯ್ಯನೂ ಹಿಂದೆ ನಿಂತು ತಳ್ಳುತ್ತಿದ್ದೆವು. ಒಳಗೆ ಕೂತು ಸ್ಟೇರಿಂಗು ಹಿಡಿಯಲು ಯಾರಾದರೂ ಬೇಕಲ್ಲ, ಹಗುರವಾಗಿರುವವರು, ಸುಮ್ಮನೆ ಹೇಳಿದಂತೆ ಕೇಳುವವರು. ಸರ್ವಮಂಗಳೆಯನ್ನು ಕೂರಿಸಿದೆ. ಮೇಸ್ತ್ರಿ ಕಿಟಕಿಯ ಪಕ್ಕದಲ್ಲಿ ನಡೆಯುತ್ತ, ಈಗ ಕ್ಲಚ್ಚು ಒತ್ತಿ ತಾಯಿ, ಈಗ ಮೆಲ್ಲಗೆ ಬಿಡಿ, ಈಗ ಬ್ರೇಕು ಎಂದು ಅವಳಿಗೆ ಹೇಳುತ್ತಿದ್ದ. ಇಂಜಿನ್ನು ಹೊರಟ ಮೇಲೆ ಅವಳನ್ನು ಇಳಿಸಿ ನಾನು ಹತ್ತುತ್ತಿದ್ದೆ. ಅಲ್ಲಿಂದ ಮುಂದಿನದು ಯಜಮಾನರ ಕೆಲಸ.

ಯಜಮಾನರ ಕೆಲಸ ಹೇಗೆ ನಡೆಯಿತೆಂದರೆ, ಮೊದಲ ದಿನ ತೋಪಿನ ಬಯಲಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ನಾನು ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದು ಎದೆಗೆ ಎಳೆದುಕೊಂಡೆ. ಎರಡೂ ಕಾಲು ಮುಂದಕ್ಕೆ ಊರಿ, 'ಹೋ... ಹೋ...' ಎಂದೆ. ಹುಟ್ಟಿದಾಗಿನಿಂದ ಗಾಡಿ ನಿಲ್ಲಿಸಿದ್ದು ಹಾಗೆಯೇ. ಎತ್ತುಗಳಾಗಿದ್ದರೆ ಇದ್ದಲ್ಲೇ ನಿಲ್ಲುತ್ತಿದ್ದವು. ಈ ಗಾಡಿಯಲ್ಲಿ ಕಾಲು ಊರುವ ಜಾಗದಲ್ಲೇ ವೇಗದ ಪೆಡಲನ್ನು ಇಟ್ಟಿದ್ದಾರೆ (ಇದು ಯಾವ ನ್ಯಾಯವೋ ತಿಳಿಯದು). ಕಾರು ಗರ್ಜಿಸಿಕೊಂಡು ಹಾರಿತು. ಎಮ್ಮೆಯೇ ಬುದ್ಧಿವಂತಿಕೆಯಿಂದ ಪಕ್ಕಕ್ಕೆ ಸರಿಯಿತು. ನಾನು ಹೋಗಿ ನಿಂತದ್ದು ಯಾರದೋ ತಿಪ್ಪೆಯಲ್ಲಿ.

ಮರುದಿನವೂ ಹೀಗೆಯೇ ಆಯಿತು, ತಿಪ್ಪೆ ಮಾತ್ರ ಬೇರೆ. ಬ್ರೇಕು ಎಲ್ಲಿದೆ ಎಂದು ತಲೆಗೆ ಗೊತ್ತು. ಕೈಕಾಲುಗಳು ತಲೆಯನ್ನು ಕೇಳುವುದೇ ಇಲ್ಲ. ಪ್ರತಿಸಲವೂ ಕಾರನ್ನು ತಿಪ್ಪೆಯಿಂದ ಹಿಂದಕ್ಕೆ ತಳ್ಳಬೇಕು, ತಳ್ಳುವುದು ಗಂಡಸರ ಕೆಲಸ, ಸರ್ವಮಂಗಳೆ ಒಳಗೆ ಕೂರಬೇಕು.

ಗೌರಿ ಹಬ್ಬ ಹತ್ತಿರ ಬಂತು. ಲೈಸೆನ್ಸು ಕೊಡಲು ಮೋಟಾರು ಇನ್ಸ್‌ಪೆಕ್ಟರು ಮೈಸೂರಿನಿಂದ ಬಂದು ಮುಸಾಫಿರಖಾನೆಯ ಮುಂದೆ ಪರೀಕ್ಷೆ ಮಾಡುತ್ತಾರೆಂದು ತಿಳಿಯಿತು. ಪೇಟ ಸುತ್ತಿ, ವಿಭೂತಿ ಧರಿಸಿ, ಎಂದಿನಂತೆ ಹೆಂಡತಿಯನ್ನು ಕೂರಿಸಿ ಕಾರು ತಳ್ಳಿಕೊಂಡು ಹೋದೆ. ಇಂಜಿನ್ನು ಹೊರಟಿತು. ಅವಳು ಇಳಿದಳು, ನಾನು ಹತ್ತಿದೆ, ಇನ್ಸ್‌ಪೆಕ್ಟರು ರಸ್ತೆಯ ಆ ತುದಿಯಲ್ಲಿ ನಿಂತರು. ನಾನು ಬಹಳ ಸೊಗಸಾಗಿ ಬಂದೆ. ಅವರು ನಿಲ್ಲಿಸುವಂತೆ ಕೈ ಎತ್ತಿದರು.

'ಹೋ... ಹೋ...'

ಇನ್ಸ್‌ಪೆಕ್ಟರು ಸ್ಥೂಲಕಾಯದವರು. ಅಷ್ಟು ಚುರುಕಾಗಿ ಜಗಲಿ ಹತ್ತಿದ್ದು ಕಂಡು ನಾನು ಬೇಲಿಯೊಳಗಿನಿಂದಲೇ ಬೆರಗಾದೆ. ಅವರು ಟೋಪಿ ಸರಿಮಾಡಿಕೊಂಡು, ಸರ್ಕಾರದ ಬೇಲಿಯಿಂದ ಇದನ್ನು ಈಚೆಗೆ ತೆಗೆಯುವವರು ಯಾರು ಎಂದು ಕೇಳಿದರು.

ಸರ್ವಮಂಗಳೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನನಗೆ ಇಳಿಯಲು ಹೇಳಿ ತಾನು ಕೂತಳು. 'ತಳ್ಳು ಕುಳ್ಳಯ್ಯ' ಎಂದಳು. ನಾನೂ ತಳ್ಳಿದೆ (ಅಭ್ಯಾಸ). ಇಂಜಿನ್ನು ಹೊರಟಿತು. ಎಂದಿನಂತೆ ಅವಳು ಇಳಿಯುತ್ತಾಳೆ ಎಂದು ನಾನು ಬಾಗಿಲ ಹತ್ತಿರ ಓಡಿದೆ. ಅವಳು ಇಳಿಯಲಿಲ್ಲ. ಕಾರು ಬೇಲಿಯಿಂದ ಹಿಂದಕ್ಕೆ ಸರಿಯಿತು, ತಿರುಗಿತು, ಆಲದ ಮರವನ್ನು ಸುತ್ತಿ ಬಂತು, ಜಗಲಿಯ ಮೇಲಿದ್ದ ಇನ್ಸ್‌ಪೆಕ್ಟರ ಮುಂದೆ ಒಂದು ಮೊಳ ದೂರದಲ್ಲಿ ಸದ್ದಿಲ್ಲದೆ ನಿಂತಿತು.

ನಾನು ಜೀವಮಾನದಲ್ಲಿ ಬೆರಗಾದದ್ದೆಲ್ಲ ಅಂದಿನ ಬೆರಗಿನ ಮುಂದೆ ಏನೂ ಅಲ್ಲ. ನಾಲ್ಕು ವರ್ಷ ನನ್ನ ಹತ್ತು ಮಾರು ಹಿಂದೆ ನಡೆದ ಹೆಂಗಸು ಅವಳು. ಎಂದೂ ಎತ್ತಿನ ಹಗ್ಗ ಹಿಡಿದವಳಲ್ಲ, ಹಿಡಿಯಲು ನಾವು ಬಿಟ್ಟವರೂ ಅಲ್ಲ. ಹಾಗಾಗಿ ಎಳೆಯಬೇಕೆಂದು ಅವಳ ಕೈಗೆ ಗೊತ್ತಿಲ್ಲ, ಊರಬೇಕೆಂದು ಕಾಲಿಗೆ ಗೊತ್ತಿಲ್ಲ. ನನ್ನ ಹೆಸರು ಬರೆಯಲು ಪೆನ್ನು ತೆಗೆದಿದ್ದ ಇನ್ಸ್‌ಪೆಕ್ಟರು ಅವಳ ಹೆಸರು ಕೇಳಿದರು.

ಮನಸ್ಸಿಗೆ ಬೇಜಾರಾಯಿತೇ ಎಂದು ನೀವು ಕೇಳಬಹುದು. ಸ್ವಲ್ಪ ಆಯಿತು. ಆದರೆ ಯೋಚಿಸಿ ನೋಡಿ, ಸ್ಟೇರಿಂಗು ಯಾರ ಕೈಯಲ್ಲಿದ್ದರೇನು, ಇಬ್ಬರೇ ಕೂರುವ ಕಾರಿನಲ್ಲಿ ಪಕ್ಕದ ಸೀಟು ನನ್ನದೇ ತಾನೆ?

ಹಬ್ಬದ ದಿನ ಬೆಳಿಗ್ಗೆ ಹೊಸ ಪಂಚೆ ಉಟ್ಟು ಹೊರಗೆ ಬಂದೆ. ಪಕ್ಕದ ಸೀಟಿನಲ್ಲಿ ಅವ್ವ ಕೂತಿದ್ದರು. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟಿದ್ದರು, ಮಡಿಲಲ್ಲಿ ಎಲೆಯಡಿಕೆಯ ಚೀಲವಿತ್ತು. ಈ ಕಬ್ಬಿಣದ ಡಬ್ಬಿಗೆ ಸತ್ತರೂ ಹತ್ತುವುದಿಲ್ಲ ಎಂದು ಆಣೆಯಿಟ್ಟಿದ್ದವರು ಇವರೇ ಎಂದು ನಂಬಲು ನನಗೆ ಹೊತ್ತು ಹಿಡಿಯಿತು.

'ನೀನು ಓಡ್ಸೋದಾಗಿದ್ರೆ ಬತ್ತಿರ್ನಿಲ್ಲ ಕಣ್ಲಾ' ಎಂದರು. 'ಮಂಗಳ ಓಡಿಸ್ತಾವ್ಳೆ. ನಂಗೇನು ಭಯ?'

'ಇಬ್ಬರಿಗೇ ಜಾಗ ಕಣವ್ವ ಇರೋದು.'

'ಅದ್ಕೇನಂತೆ? ನೀನು ಬಸ್ಸಲ್ಲಿ ಬಾ.'

ನಾನು ದಿಕ್ಕುತೋಚದೆ ಹೆಂಡತಿಯ ಮುಖ ನೋಡಿದೆ. ಅವಳು ಕಾರಿನ ಹಿಂದಕ್ಕೆ ಬಂದಳು. ಏನೂ ಆಗಿಲ್ಲವೆಂಬಂತೆ ಬೆನ್ನಿನ ಮುಚ್ಚಳಕ್ಕೆ ಕೈಹಾಕಿ ಎತ್ತಿದಳು. ಒಳಗಿನ ಸೀಟಿಗೂ ಯಾವಾಗಲೋ ಜಮಖಾನ ಹೊಲಿದು ಹಾಕಿದ್ದಳು. ನನಗೆ ಕೋಪ ನೆತ್ತಿಗೇರಿತು. ಯಾರಿಗೂ ಹೇಳುವುದಿಲ್ಲ ಎಂದು ತಲೆಯಾಡಿಸಿದ್ದು ಮರೆತೆಯಾ ಎಂದು ಪಿಸುಗುಟ್ಟಿದೆ. ಅವಳೂ ಪಿಸುದನಿಯಲ್ಲೇ ಹೇಳಿದಳು.

'ಗಾಡೀಲಿ ಯಾವಾಗ್ಲೂ ಹಿಂದಕ್ಕೆ ಮುಖ ಮಾಡ್ಕೊಂಡೇ ಕೂತಿದ್ದೀವಿ ಕಣ್ರೀ, ಅತ್ತೆಮ್ಮನೂ ನಾನೂ. ಬಿಟ್ಟು ಬಂದ ದಾರೀನೇ ನೋಡಿರೋದು. ಎದುರಿಗೆ ಬರೋ ದಾರಿ ಹೆಂಗಿರ್ತದೆ ಅಂತ ಅವರೂ ಒಂದ್ಸಲ ನೋಡ್ಲಿ ಬುಡಿ.'

ಹೊಸ ಪಂಚೆಯನ್ನು ಎತ್ತಿ ಕಟ್ಟಿದೆ. ಕಾರು ತಳ್ಳಿದೆ, ಓಡಿಹೋಗಿ ಹಿಂದಿನ ಗೂಡಿಗೆ ಹಾರಿಕೊಂಡೆ. ಬಾಗಿನದ ಮೊರಗಳು ಒಂದು ಪಕ್ಕ, ತೆಂಗಿನಕಾಯಿ ಇನ್ನೊಂದು ಪಕ್ಕ, ನಡುವೆ ನಾನು. ಕೃಷ್ಣರಾಜನಗರ ದಾಟುವ ಹೊತ್ತಿಗೆ ಪೇಟದಿಂದ ಪಂಚೆಯವರೆಗೂ ಧೂಳು. ಆದರೆ ಹಿಂದಿನ ಪುಟ್ಟ ಗಾಜಿನಲ್ಲಿ ಅವರಿಬ್ಬರ ತಲೆಗಳು ಕಾಣುತ್ತಿದ್ದವು. ಅವ್ವ ಬೆರಳು ತೋರಿಸಿ ಏನೇನೋ ಕೇಳುತ್ತಿದ್ದರು. ಕಾಲುವೆ, ಗದ್ದೆ, ಎದುರಿಗೆ ಬರುವ ಬಸ್ಸು. ಬೆರಗಾಗುವ ಕಾಯಿಲೆ ನನಗೆ ಎಲ್ಲಿಂದ ಬಂತೆಂದು ಅಂದು ತಿಳಿಯಿತು.

ಭೇರ್ಯದಲ್ಲಿ ನನ್ನ ಭಾವಮೈದುನ ನಂಜಣ್ಣ ಆರತಿ ಹಿಡಿಸಿ ಅಕ್ಕನನ್ನು ಇಳಿಸಿಕೊಂಡ, ನಮ್ಮವ್ವನ ಕಾಲಿಗೆ ಬಿದ್ದ. ಆಮೇಲೆ ಭಾವ ಬರಲಿಲ್ಲವೇ ಎಂದು ಕೇಳಿದ. ನಾನು ಮೊರದ ಸಂದಿಯಿಂದ ಕೈ ಎತ್ತಿದೆ.

ಹಬ್ಬ ಮುಗಿಯಿತು. ಹೊರಡುವ ದಿನ ದೇವರು ಕಣ್ಣುಬಿಟ್ಟ. ಬೀಗರ ಮನೆಯ ಉಪಚಾರ ಹಿಡಿಸಿ ಅವ್ವ ಇನ್ನೊಂದು ವಾರ ಉಳಿಯುತ್ತೇನೆಂದರು. ಪಕ್ಕದ ಸೀಟು ಖಾಲಿ! ನಂಜಣ್ಣ ಹಿತ್ತಲಿನಲ್ಲಿ ಬೆಳೆದ ದೊಡ್ಡದೊಂದು ಕುಂಬಳಕಾಯಿಯನ್ನು ತಂದು ಹಿಂದಿನ ಗೂಡಿಗೆ ಇಟ್ಟ. ನಾನು ಮುಂದೆ ಹತ್ತಿ ಬಾಗಿಲು ಹಾಕಿಕೊಂಡೆ. ಸರ್ವಮಂಗಳೆ ನನ್ನ ಕಡೆ ನೋಡದೆ ನಕ್ಕಳು. ನಂಜಣ್ಣನ ಆಳುಗಳು ತಳ್ಳಿದರು. ಕಾರು ಹೊರಟಿತು.

ಆ ಎರಡು ಮೈಲಿಯ ಸುಖವನ್ನು ನಾನು ವರ್ಣಿಸಲಾರೆ. ಅವಳ ಬಳೆಗಳು ನನ್ನ ಮೊಣಕೈಗೆ ತಾಗುತ್ತಿದ್ದವು. ಮುಡಿದಿದ್ದ ಮಲ್ಲಿಗೆಯ ಪರಿಮಳ, ನಡುನಡುವೆ ಹೊಗೆಸೊಪ್ಪಿನ ಘಾಟು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಮ್ಮಿಬ್ಬರನ್ನು ನೋಡಿದರು. ನೋಡಲಿ, ಚೆನ್ನಾಗಿ ನೋಡಲಿ ಎಂದು ಎದೆಯುಬ್ಬಿಸಿ ಕೂತೆ. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬಾಯಿ ತೆರೆದೆ.

ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಅವಳು ಬ್ರೇಕಿನ ಮೇಲೆ ಕಾಲಿಟ್ಟಿದ್ದಳಂತೆ. ನನಗೇನು ಗೊತ್ತು? ತೆರೆದ ಬಾಯಿಂದ 'ಹೋ... ಹೋ...' ಬಂತು. ಎರಡು ಕೈಯೂ ಪಕ್ಕಕ್ಕೆ ಚಾಚಿ ಸ್ಟೇರಿಂಗನ್ನು ಹಿಡಿದು ನನ್ನ ಎದೆಗೆ ಎಳೆದುಕೊಂಡವು.

ಕಾರು ಗದ್ದೆಗೆ ಇಳಿಯಿತು.

ಯಾರಿಗೂ ಏನೂ ಆಗಲಿಲ್ಲ, ಕೆಸರು ಮೆತ್ತಗಿತ್ತು. ಕಳೆ ಕೀಳುತ್ತಿದ್ದವರು ಒಂದು ಜೊತೆ ಎತ್ತು ತಂದು ಕಾರನ್ನು ರಸ್ತೆಗೆ ಎಳೆದರು. ಸರ್ವಮಂಗಳೆ ಬಯ್ಯಲಿಲ್ಲ. ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡಳು, ನನ್ನ ಮುಖದ್ದನ್ನೂ ಒರೆಸಿದಳು. ಆಮೇಲೆ ಹಿಂದಿನ ಗೂಡಿನಿಂದ ಕುಂಬಳಕಾಯಿಯನ್ನು ಎತ್ತಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂರಿಸಿದಳು.

'ಇದು ಸುಮ್ನೆ ಕೂತಿರ್ತದೆ ಕಣ್ರೀ' ಎಂದಳು.

ನಾನು ಕಾರು ತಳ್ಳಿದೆ, ಹಾರಿ ಹಿಂದೆ ಕೂತೆ. ಅವಳು ಓಡಿಸುವುದನ್ನು ಪುಟ್ಟ ಗಾಜಿನಲ್ಲಿ ನೋಡುತ್ತ ದಾರಿಯುದ್ದಕ್ಕೂ ಬೆರಗಾದೆ. ಕೃಷ್ಣರಾಜನಗರದ ಹತ್ತಿರ ರಸ್ತೆ ಎಡಕ್ಕೆ ತಿರುಗಿತು. ಕುಂಬಳಕಾಯಿ ಮೆಲ್ಲಗೆ ಅವಳ ಕಡೆಗೆ ಉರುಳಿತು. ಸರ್ವಮಂಗಳೆ ರಸ್ತೆಯಿಂದ ಕಣ್ಣು ತೆಗೆಯದೆ, ಎಡಗೈಯಲ್ಲಿ ಅದನ್ನು ತಬ್ಬಿ ಪಕ್ಕಕ್ಕೆ ಒತ್ತಿಕೊಂಡಳು, ಹುಣಸೂರು ಬರುವವರೆಗೂ ಬಿಡಲಿಲ್ಲ.